ಅಟ್ಟದ ಮೇಲಿದೆ ಚಿತ್ರಶಾಲೆ!

ಒಂದು ಒಗಟು. 1930ರ ದಶಕ. ಎಚ್‌ಎಂವಿ ಕಂಪನಿಯ ಗ್ರಾಮಫೋನ್ ಪ್ಲೇಟು. ಗಾಯಕಿಯ ಹೆಸರು ‘ಗಾಂಧಾರಿ’. ಯಾರೀಕೆ? ಹೇಳಿ ನೋಡೋಣ!

ಸುಳಿವು ಬೇಕೆ? ಆಡೂರಿನವರೇ, ಈಕೆಯ ಹೆಸರಿನಲ್ಲಿರುವುದು ನಿಮ್ಮದೇ ತಾಲ್ಲೂಕು!

ಹೌದು, ಗಂಗೂಬಾಯಿ ಹಾನಗಲ್! ಆ ಪ್ಲೇಟುಗಳಲ್ಲಿ ನಾವು ಬಲ್ಲ ಗಡಸು ದನಿ ಇಲ್ಲವೇ ಇಲ್ಲ. ಇರುವುದು ತೆಳುವಾದ, ಎತ್ತರದ ಕಂಠ! ಗಂಟಲಿಗೆ ಚಿಕಿತ್ಸೆಯಾದ ಮೇಲೆಯೇ ಆ ಗಾಂಭೀರ್ಯ ಬಂದದ್ದು.

ಇಂಥ ಪ್ಲೇಟಿಗೆ ತೊಡಿಸುತ್ತಿದ್ದ ಅಂಗಿ ಯಾವುದು ಗೊತ್ತೆ? ಕಾಗದದ ಚೀಲ! ನಡುವೆ ದುಂಡನೆಯ ತೂತು. ತೂತಿನಿಂದ ಇಣುಕುವ ಎಚ್‌ಎಂವಿ ನಾಯಿ. ಅಷ್ಟೇ!

ಆ ನಾಯಿಯನ್ನು ಸುಮ್ಮನೆ ದಾಟಿ ಹೋಗಬೇಡಿ. ಅದು ಅಸಲಿ ವರ್ಣಚಿತ್ರ! ಫ್ರಾನ್ಸಿಸ್ ಬರಾಡ್ ಎಂಬ ಇಂಗ್ಲಿಷ್ ಕಲಾವಿದ ತಮ್ಮ ಮನೆಯ ನಾಯಿ ನಿಪ್ಪರನನ್ನು ಚಿತ್ರದಲ್ಲಿ ಮೊದಲು ಕೂರಿಸಿದ್ದು ಎಡಿಸನ್ ಮಾದರಿಯ ಫೋನೋಗ್ರಾಫ್ ಮುಂದೆ. 1899ರಲ್ಲಿ ಗ್ರಾಮಫೋನ್ ಕಂಪನಿ ಚಿತ್ರವನ್ನು ಕೊಳ್ಳಲು ಒಪ್ಪಿತು. ಒಂದೇ ಷರತ್ತು: ಯಂತ್ರ ನಮ್ಮದಾಗಿರಬೇಕು! ಬರಾಡ್ ಹಳೆಯದರ ಮೇಲೆಯೇ ಹೊಸ ಯಂತ್ರ ಬಳಿದರು. ಮೂಲ ಚಿತ್ರವನ್ನು ತಕ್ಕ ಬೆಳಕಿನಲ್ಲಿ ನೋಡಿದರೆ ಅಡಿಯಲ್ಲಿರುವ ಫೋನೋಗ್ರಾಫಿನ ಗೆರೆಗಳು ಇವತ್ತಿಗೂ ಕಾಣುತ್ತವೆ!

ಹಾಗಾದರೆ ಹೊದಿಕೆಯ ಮೇಲೆಯೇ ಚಿತ್ರ ಬಿಡಿಸಲು ಹೊರಟವರು ಯಾರು? ಅಮೆರಿಕದ ಅಲೆಕ್ಸ್ ಸ್ಟೈನ್‌ವೈಸ್. ಕೊಲಂಬಿಯಾ ಕಂಪನಿಯ ಕಲಾನಿರ್ದೇಶಕ. ವಯಸ್ಸು? ಇನ್ನೂ ಇಪ್ಪತ್ಮೂರರ ಆಸುಪಾಸು! 1940ರ ಹೊತ್ತಿಗೆ ಬಣ್ಣದ ಹೊದಿಕೆಗಳು ಅಂಗಡಿಗೆ ಬಂದವು. ಹಾಡು ಕೇಳುವ ಮೊದಲೇ ಕಣ್ಣು ಸೋಲತೊಡಗಿತು!

1948ರಲ್ಲಿ ಎಲ್‌ಪಿ ಬಂತು. ಹನ್ನೆರಡು ಅಂಗುಲದ ಪ್ಲೇಟು, ಅದಕ್ಕಿಂತ ತುಸು ದೊಡ್ಡ ಚೌಕ ರಟ್ಟು. ಪಕ್ಕದಲ್ಲಿ ಒಂದು ಸಿಡಿ ಇಟ್ಟು ನೋಡಿ. ಆರು ಪಟ್ಟು ಹೆಚ್ಚು ಜಾಗ! ಕಲಾವಿದರು ಸುಮ್ಮನಿದ್ದಾರೆಯೇ?

ಈಗ ಇನ್ನೊಂದು ಒಗಟು. 1967ರಲ್ಲಿ ಬಂದ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್’ ಹೊದಿಕೆಯ ಜನಜಾತ್ರೆಯಲ್ಲಿ ಭಾರತೀಯರು ಎಷ್ಟು ಮಂದಿ?

ಒಬ್ಬರೆ? ಇಬ್ಬರೆ? ಅಲ್ಲ, ನಾಲ್ವರು! ಪರಮಹಂಸ ಯೋಗಾನಂದ, ಅವರ ಗುರು ಶ್ರೀ ಯುಕ್ತೇಶ್ವರ್, ಲಾಹಿರಿ ಮಹಾಶಯ, ಮಹಾವತಾರ ಬಾಬಾಜಿ. ಐದನೆಯವರೂ ಇದ್ದರು, ಸಾಕ್ಷಾತ್ ಗಾಂಧೀಜಿ! ಭಾರತದಲ್ಲಿ ಮನಸ್ಸು ನೊಂದೀತೆಂದು ಕಂಪನಿ ಅಂಜಿತು, ಅವರನ್ನು ತೆಗೆಸಿತು. ಯಾವ ಕಂಪನಿ? ಇಎಂಐ. ಆಗ ಎಚ್‌ಎಂವಿಯ ಒಡೆತನವೂ ಅದರದೇ ಆಗಿತ್ತು! ನಮ್ಮ ಗಾಂಧಾರಿಯೂ ಬೀಟಲ್ಸರೂ ಒಂದೇ ಮನೆಯವರು!

ಆ ಹೊದಿಕೆ ರೂಪಿಸಿದವರು ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್. ಬ್ಲೇಕ್ ಹೇಳಿಕೊಂಡಂತೆ ಸಿಕ್ಕಿದ್ದು 200 ಪೌಂಡು! ಇವತ್ತು ಅದೇ ಚಿತ್ರದ ಮುದ್ರಣ ಬ್ಲೇಕ್ ಸಹಿಯೊಂದಿಗೆ ಕಲಾಕೃತಿಯಾಗಿ ಮಾರಾಟವಾಗುತ್ತದೆ, ಜನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ!

ನಮ್ಮ ಮನೆಗಳ ಹೊದಿಕೆಗಳೇನು ಕಡಿಮೆಯೆ? ಶಾಸ್ತ್ರೀಯ ಸಂಗೀತದ ಎಲ್‌ಪಿ, ಸಿನಿಮಾ ಹಾಡಿನ ಏಳು ಅಂಗುಲದ ಇಪಿ, ಎಲ್ಲವೂ ಮುದ್ರಣಕಲೆಯೇ! ಗೀರು ಬಿದ್ದು ಪ್ಲೇಟು ಹಾಡದೇ ಹೋಗಬಹುದು, ಹೊದಿಕೆಯ ಚಿತ್ರಕ್ಕೆ ಅದರಿಂದ ಏನೂ ಆಗದು. ಒಂದರ ಮೇಲೊಂದು ಪೇರಿಸಬೇಡಿ, ಪ್ಲೇಟಿನ ದುಂಡು ಅಂಚು ರಟ್ಟಿನ ಮೇಲೆ ಒತ್ತಿಬಿಡುತ್ತದೆ. ನೆಟ್ಟಗೆ ನಿಲ್ಲಿಸಿ. ಬಿಸಿಲು ತಾಗಿಸಬೇಡಿ, ಬಣ್ಣ ಮಾಸುತ್ತದೆ.

ಗುಜರಿಯವರು ಬರುವ ಮೊದಲೇ ಅಟ್ಟ ಹತ್ತಿ. ಹೊದಿಕೆಗಳನ್ನು ಮಾತ್ರ ಕೊಡಲೇಬೇಡಿ!