ಮುಚ್ಚಿದ ತೊಟ್ಟಿಯೊಳಗೆ ಸವೆದದ್ದು ತಿಳಿಯುವುದು ಹೇಗೆ?

ಮಕ್ಕಳೇ, ಹಾರನಹಳ್ಳಿಯಂಥ ಊರುಗಳಲ್ಲಿ ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ನೀವು ನೋಡಿರಬಹುದು. ಆಗ ನಲ್ಲಿನೀರಿಗೆ ಒಂದು ಬಗೆಯ ಘಾಟು ಬರುತ್ತದೆ. ಅದು ಕ್ಲೋರಿನ್ ವಾಸನೆ. ವಾಂತಿಭೇದಿ, ಕಾಲರಾ ತರುವ ರೋಗಾಣುಗಳನ್ನು ಕೊಲ್ಲುವುದು ಇದೇ. ಅರಳಿದ ಸುಣ್ಣದ ಪುಡಿಗೆ ಕ್ಲೋರಿನ್ ಅನಿಲ ಹಾಯಿಸಿ ಬ್ಲೀಚಿಂಗ್ ಪೌಡರ್ ತಯಾರಿಸುತ್ತಾರೆ. ಆ ಕ್ಲೋರಿನ್ ಸಿಗುವುದು ಎಲ್ಲಿಂದ ಗೊತ್ತೆ? ಉಪ್ಪಿನಿಂದ!

ನಮ್ಮ ರಾಜ್ಯದಲ್ಲೇ, ಕಾರವಾರದ ಹತ್ತಿರದ ಬಿಣಗಾದಲ್ಲಿ ಇಂಥ ಕಾರ್ಖಾನೆ ಇದೆ. ಈ ಬಗೆಯ ಕಾರ್ಖಾನೆಗಳಲ್ಲಿ ಮುಚ್ಚಿದ ತೊಟ್ಟಿಗಳೊಳಗೆ ಉಪ್ಪುನೀರು ಸದಾ ಹರಿಯುತ್ತಿರುತ್ತದೆ. ಅದರಲ್ಲಿ ವಿದ್ಯುತ್ ಹಾಯಿಸುತ್ತಾರೆ. ಧನಾಗ್ರದಲ್ಲಿ ಕ್ಲೋರಿನ್ ಹೊರಡುತ್ತದೆ. ಋಣಾಗ್ರದ ಕಡೆ ಹೈಡ್ರೋಜನ್ ಮತ್ತು ಕಾಸ್ಟಿಕ್ ಸೋಡಾ ಸಿಗುತ್ತವೆ. ಎರಡರ ನಡುವೆ ತೆಳುವಾದ ಒಂದು ಪೊರೆ ಇರುತ್ತದೆ.

ಹಿಂದೆ ಧನಾಗ್ರಕ್ಕೆ ಗ್ರಾಫೈಟ್ ಬಳಸುತ್ತಿದ್ದರು. ಅದು ಬೇಗ ಸವೆಯುತ್ತಿತ್ತು. 1960ರ ದಶಕದಲ್ಲಿ ಹೆನ್ರಿ ಬೀರ್ ಎಂಬವರು ಟೈಟಾನಿಯಂ ಲೋಹದ ಮೇಲೆ ರುಥೇನಿಯಂ ಆಕ್ಸೈಡಿನ ಲೇಪನ ಕೊಡುವ ವಿಧಾನ ಕಂಡುಹಿಡಿದರು. ಕೂದಲಿಗಿಂತ ತೆಳುವಾದ ಈ ಲೇಪನವೇ ಇಲ್ಲಿ ಕ್ರಿಯಾವರ್ಧಕ. ಅದಿದ್ದರೆ ಕಡಿಮೆ ವಿದ್ಯುತ್ತಿನಲ್ಲೇ ಕ್ಲೋರಿನ್ ಬಿಡುಗಡೆಯಾಗುತ್ತದೆ. ವರ್ಷಗಟ್ಟಲೆ ಬಾಳಿದರೂ ಕೊನೆಗೆ ಇದೂ ಸವೆಯುತ್ತದೆ.

ಕ್ಲೋರಿನ್ ವಿಷಾನಿಲ. ತೊಟ್ಟಿಯ ಮುಚ್ಚಳ ತೆಗೆದು ನೋಡುವಂತಿಲ್ಲ. ಹಾಗಾದರೆ ಸವೆದದ್ದು ತಿಳಿಯುವುದು ಹೇಗೆ?

ರಾಗಿ ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಮೇಲಿನ ಕಲ್ಲು ಎತ್ತದೆಯೇ ಅಜ್ಜಿಗೆ ಕಲ್ಲು ಸವೆದದ್ದು ತಿಳಿಯುತ್ತಿತ್ತು. ಬೀಸಲು ಹೆಚ್ಚು ಶ್ರಮ ಬೇಕಾಗುತ್ತಿತ್ತು, ಹಿಟ್ಟು ತರಿತರಿಯಾಗುತ್ತಿತ್ತು. ಕಾರ್ಖಾನೆಯಲ್ಲೂ ಇವೆರಡನ್ನೇ ನೋಡುತ್ತಾರೆ!

ಮೊದಲನೆಯದು ಶ್ರಮ, ಅಂದರೆ ವೋಲ್ಟೇಜ್. ಪ್ರತಿ ತೊಟ್ಟಿಯ ವೋಲ್ಟೇಜನ್ನು ಹಗಲೂ ರಾತ್ರಿ ಅಳೆಯುತ್ತಾರೆ. ಅದು ಸುಮಾರು 3 ವೋಲ್ಟ್ ಇರುತ್ತದೆ. ವಿದ್ಯುತ್ ಪ್ರವಾಹ ಅಷ್ಟೇ ಇದ್ದು ವೋಲ್ಟೇಜ್ 3.3ಕ್ಕೆ ಏರಿತೆನ್ನಿ. ಆಗ 100 ಯೂನಿಟ್ ಸಾಕಾಗುತ್ತಿದ್ದ ಕೆಲಸಕ್ಕೆ 110 ಯೂನಿಟ್ ಬೇಕು. ಒಂದು ಟನ್ ಕಾಸ್ಟಿಕ್ ಸೋಡಾಕ್ಕೆ 2,000 ಯೂನಿಟ್‌ಗೂ ಹೆಚ್ಚು ಖರ್ಚಾಗುವಾಗ ಇದೇನು ಸಣ್ಣ ನಷ್ಟವೆ?

ಆದರೆ ವೋಲ್ಟೇಜ್ ಒಂದನ್ನೇ ನಂಬುವಂತಿಲ್ಲ. ಉಪ್ಪುನೀರು ತಣ್ಣಗಾದರೂ ಅದು ಏರುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲವೆ? ಅದರಲ್ಲಿರುವ ಕ್ಯಾಲ್ಸಿಯಂ ಉಪ್ಪುನೀರಿನಲ್ಲಿ ಉಳಿದು ಪೊರೆಯಲ್ಲಿ ಕಟ್ಟಿಕೊಂಡರೂ ಏರುತ್ತದೆ. ಆದ್ದರಿಂದ 'ಹಿಟ್ಟನ್ನೂ' ಪರೀಕ್ಷಿಸಬೇಕು. ಲೇಪನ ಸೊರಗಿದಾಗ ಉಪ್ಪಿನ ಬದಲು ನೀರೇ ಹೆಚ್ಚು ಒಡೆಯತೊಡಗಿ, ಕ್ಲೋರಿನ್ ಜೊತೆ ಬರುವ ಆಕ್ಸಿಜನ್ ಹೆಚ್ಚುತ್ತದೆ. ಎರಡೂ ಲಕ್ಷಣ ಕಂಡರೆ ಅನುಮಾನ ಲೇಪನದ ಮೇಲೆಯೇ. ತೊಟ್ಟಿಯನ್ನು ನಿಲ್ಲಿಸಿ, ಅದೇ ಟೈಟಾನಿಯಂ ತಗಡಿಗೆ ಹೊಸ ಲೇಪನ ಕೊಡಿಸುತ್ತಾರೆ.

ಮಾಡಿ ನೋಡಿ: ಶಿಕ್ಷಕರ ಜೊತೆ, ಶಾಲೆಯ ಜಗಲಿಯಲ್ಲಿ ಮಾತ್ರ. ಅಗಲವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಪ್ಪುನೀರು ತುಂಬಿ. ಎರಡೂ ತುದಿ ಚೂಪಾದ ಎರಡು ಪೆನ್ಸಿಲ್‌ಗಳನ್ನು ತಂತಿಯಿಂದ 9 ವೋಲ್ಟ್ ಬ್ಯಾಟರಿಗೆ ಜೋಡಿಸಿ, ಕೆಳತುದಿಗಳನ್ನು ನೀರಿನಲ್ಲಿ ಅದ್ದಿ. ಮೊದಲು ಹತ್ತಿರ ಹಿಡಿಯಿರಿ, ಆಮೇಲೆ ದೂರ ಸರಿಸಿ. ಗುಳ್ಳೆಗಳು ಯಾವಾಗ ಹೆಚ್ಚು? ಒಂದೆರಡು ನಿಮಿಷದಲ್ಲೇ ನಿಲ್ಲಿಸಿ. ಮೂಗು ಹತ್ತಿರ ತರಬೇಡಿ. ಗ್ರಾಫೈಟ್ ಸವೆದು ಋಣಾಗ್ರದಿಂದ ದೂರವಾದಂತೆ ಹಳೆಯ ಕಾರ್ಖಾನೆಗಳಿಗೆ ಏನು ತೊಂದರೆಯಾಗುತ್ತಿತ್ತು ಎಂಬುದನ್ನು ಈಗ ನೀವೇ ಹೇಳಿ.