ಕರಗದ ದಾರಿ, ಸಂಘದ ತಕ್ಕಡಿ

ಸಂಘದ ಸಾಲದ ಕಾಗದಪತ್ರಗಳ ಸಲುವಾಗಿ ಚಾಮರಾಜಪೇಟೆಯ ಅಪೆಕ್ಸ್ ಬ್ಯಾಂಕಿಗೆ ಹೋದಾಗಲೆಲ್ಲ ನಾವು ಇಳಿದುಕೊಳ್ಳುವುದು ಬೆಂಗಳೂರಿನ ಬಳೇಪೇಟೆಯಲ್ಲಿ. 2022ರ ಏಪ್ರಿಲ್ ತಿಂಗಳಲ್ಲಿ ಹಾಗೆ ಹೋದಾಗ ಚೈತ್ರ ಹುಣ್ಣಿಮೆ ಒದಗಿ ಬಂದಿತ್ತು. ಹೇಗೂ ಬಂದಿದ್ದೇವೆ, ಕರಗ ನೋಡಿಯೇ ಊರಿಗೆ ಹೊರಡೋಣವೆಂದು ಆ ರಾತ್ರಿ ಅಲ್ಲಿಯೇ ಉಳಿದೆವು.

ಬೆಂಗಳೂರು ಕರಗವು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದ ಉತ್ಸವ. ಅದನ್ನು ನಡೆಸುವ ತಿಗಳ ಸಮಾಜದವರು ಹೂವು, ತರಕಾರಿ ಬೆಳೆದು ನಗರಕ್ಕೆ ಒದಗಿಸುತ್ತ ಬಂದ ತೋಟಗಾರರು. ಅಂದರೆ ನಮ್ಮ ಹಾಗೆಯೇ ಮಣ್ಣನ್ನು ನಂಬಿದವರು. ದ್ರೌಪದಿಯ ಶಕ್ತಿಯೆಂದು ನಂಬಿರುವ ಕರಗವನ್ನು ಮಲ್ಲಿಗೆಯಿಂದ ಸಿಂಗರಿಸಿ, ಹೆಣ್ಣಿನ ಉಡುಪು ತೊಟ್ಟ ಅರ್ಚಕರು ತಲೆಯ ಮೇಲೆ ಹೊತ್ತು, ಕತ್ತಿ ಹಿಡಿದ ವೀರಕುಮಾರರೊಡನೆ ಪೇಟೆಗಳನ್ನು ಸುತ್ತುತ್ತಾರೆ. ಆ ದಾರಿಯಲ್ಲಿ, ಬಳೇಪೇಟೆಗೆ ನೆರೆಯ ಕಾಟನ್‌ಪೇಟೆಯಲ್ಲಿರುವ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವುದು ತಲೆಮಾರುಗಳ ವಾಡಿಕೆ.

ಆ ವರ್ಷ ಈ ವಾಡಿಕೆಯನ್ನು ಬಿಡಬೇಕೆಂದು ಕೆಲವರು ಒತ್ತಾಯಿಸಿದ್ದರು. ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಬಾರದೆಂಬ ಕೂಗು ಎದ್ದಿದ್ದ ದಿನಗಳವು. ದರ್ಗಾದವರು ದೇವಾಲಯಕ್ಕೆ ಬಂದು ಆಹ್ವಾನವಿತ್ತರು. ದೇವಾಲಯದವರು ಸಂಪ್ರದಾಯ ಮುರಿಯುವುದಿಲ್ಲವೆಂದರು. ಕರಗ ಎಂದಿನಂತೆ ದರ್ಗಾಕ್ಕೆ ಹೋಯಿತು. ನೋಡಿದ ಸಂದಣಿಯಲ್ಲಿ ನಾವೂ ಇದ್ದೆವು.

ನಮಗೆ ಅದು ಬರಿಯ ಉತ್ಸವವಾಗಿ ಕಾಣಲಿಲ್ಲ. ಹದಿನೈದು ದಿನ ಮುಂಚೆ ನಮ್ಮ ಆಡಳಿತ ಮಂಡಳಿಯ ಮುಂದೆಯೇ ಒಂದು ಅರ್ಜಿ ಬಂದಿತ್ತು: ಅಡಿಕೆ ಸಾಗಣೆಯ ಗುತ್ತಿಗೆಯನ್ನು ಅನ್ಯಮತದ ಲಾರಿಯವರಿಗೆ ಕೊಡಕೂಡದು. ಆ ಲಾರಿಯವರ ಕಾಲದಲ್ಲಿ ಒಂದು ಮೂಟೆಯೂ ಕಡಿಮೆ ಬಂದದ್ದಿಲ್ಲ. ಆದರೂ ಅರ್ಜಿಯನ್ನು ಮುಂದಿನ ಸಭೆಗೆ ತಳ್ಳಿ ಸುಮ್ಮನಾಗೋಣವೆಂದು ನಾವು ಯೋಚಿಸಿದ್ದುಂಟು, ಇದನ್ನು ಮರೆಮಾಚುವುದಿಲ್ಲ. ಸಭೆಯಲ್ಲಿ ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹಿರಿಯ ನಿರ್ದೇಶಕರೊಬ್ಬರು, "ಕೊಳೆರೋಗ ಬಂದಾಗ ಬೇಲಿಯಾಚೆಯ ತೋಟ ಯಾವ ಮತದ್ದೆಂದು ಕೇಳುತ್ತೇವೆಯೇ? ಅವರು ಬೋರ್ಡೋ ದ್ರಾವಣ ಹೊಡೆಯದಿದ್ದರೆ ನಮ್ಮ ಗೊನೆಯೂ ಉಳಿಯದು" ಎಂದರು. ಗುತ್ತಿಗೆಯು ಕಡಿಮೆ ದರ ನಮೂದಿಸಿದವರಿಗೇ ಎಂದು ನಿರ್ಣಯವಾಯಿತು. ಇಬ್ಬರು ಸದಸ್ಯರು ಮುನಿಸಿಕೊಂಡು ಅಡಿಕೆ ತರುವುದನ್ನು ನಿಲ್ಲಿಸಿದರು. ಒಬ್ಬರು ಮರುವರ್ಷ ಮರಳಿದರು. ಇನ್ನೊಬ್ಬರು ಬಂದಿಲ್ಲ, ಅವರ ಷೇರು ನಮ್ಮಲ್ಲಿಯೇ ಇದೆ, ಬಾಗಿಲೂ ತೆರೆದಿದೆ.

ಇದು ಯಾರಿಗೋ ಮಾಡಿದ ಉಪಕಾರವಲ್ಲ, ಸಹಕಾರದ ಮೂಲ ನಿಯಮ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ 28 ಮಂದಿ ಶ್ರಮಜೀವಿಗಳು ಕಟ್ಟಿದ ಸಂಘದ ಮಾದರಿಯಿಂದ ಬೆಳೆದು ಬಂದ ತತ್ವಗಳಲ್ಲಿ, ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು 1937ರಲ್ಲಿ ಧಾರ್ಮಿಕ ತಾಟಸ್ಥ್ಯವನ್ನು ಸೇರಿಸಿತು. 1995ರ ಘೋಷಣೆಯಲ್ಲಿ ಮತಭೇದವಿಲ್ಲದ ಮುಕ್ತ ಸದಸ್ಯತ್ವವೇ ಮೊದಲ ತತ್ವ, ಸಮುದಾಯದ ಕಾಳಜಿ ಏಳನೆಯದು. ನಮ್ಮ ನಾಡಿನಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಹಳ್ಳಿಯ ರೈತರನ್ನು ಒಂದುಗೂಡಿಸಿದರು. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಕುಸಿತವು ಯಾರ ಮತವನ್ನೂ ವಿಚಾರಿಸಿರಲಿಲ್ಲ.

ಶಾಂತಿಸಭೆಗಳು ಬೇಡವೆಂದಲ್ಲ. ಆದರೆ ಗಲಭೆಯಾದ ಮೇಲೆ ಕರೆಯುವ ಸಭೆಗಿಂತ, ದಿನವೂ ಒಂದೇ ತಕ್ಕಡಿಯ ಮುಂದೆ ಸರದಿ ನಿಲ್ಲುವುದು ಹೆಚ್ಚು ಗಟ್ಟಿ. ಕರಗದ ದಾರಿ ಉಳಿದದ್ದೂ ವರ್ಷ ವರ್ಷವೂ ನಡೆದದ್ದರಿಂದಲೇ.

ಆದುದರಿಂದ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ಮುಂಗಾರಿಗೆ ಮೊದಲು ಔಷಧಿ ಸಿಂಪರಣೆಗೂ, ಕಾಯಿಕೊರಕ ಹುಳುವಿನ ಹತೋಟಿಗೆ ಉದುರಿದ ಕಾಫಿ ಹಣ್ಣು ಆರಿಸುವುದಕ್ಕೂ ಅಕ್ಕಪಕ್ಕದ ತೋಟದವರು ಕೂಡಿ ತಂಡ ಕಟ್ಟಿಕೊಳ್ಳಿ. ಹೆಸರುಗಳನ್ನು ಬೇಲಿಯ ಸಾಲಿನಂತೆ ಬರೆದು ಕಚೇರಿಗೆ ಕೊಡಿ; ಬೇರೆ ಯಾವ ಲೆಕ್ಕದಂತೆಯೂ ಬೇಡ.