ಬರುವಾಗಿನ ಎಚ್ಚರ, ಕಳುಹುವಾಗಿನ ಎಚ್ಚರ

ಹಗಲಿರುಳೆನ್ನದೆ ಗರ್ಭಿಣಿಯರು ಬಂದಿಳಿಯುವ ಹೆರಿಗೆ ಆಸ್ಪತ್ರೆಯ ತಪಾಸಣಾ ಕೊಠಡಿಯಲ್ಲಿ, ಚಿಕಿತ್ಸೆಗಿಂತಲೂ ಮೊದಲು ನಡೆಯಬೇಕಾದುದು ವಿವೇಚನೆ. ಯಾರು ಮೊದಲು ಬಂದರೆಂಬುದನ್ನು ಬದಿಗಿರಿಸಿ, ಯಾರಿಗೆ ಈಗಲೇ ನೆರವು ದೊರೆಯದಿದ್ದರೆ ಎರಡು ಜೀವಗಳಿಗೆ ಅಪಾಯವೊದಗುವುದೆಂಬುದನ್ನು ಕೆಲವೇ ನಿಮಿಷಗಳಲ್ಲಿ ನಿರ್ಣಯಿಸುವ ಹೊಣೆ ಬಹುಮಟ್ಟಿಗೆ ಅಲ್ಲಿನ ದಾದಿಯ ಮೇಲಿರುತ್ತದೆ.

ನೋವು ತಾಳಲಾರದೆ ಕೂಗುವ ಚೊಚ್ಚಲ ಬಸುರಿಯ ಸುತ್ತ ಮನೆಮಂದಿಯೆಲ್ಲ ನೆರೆದಿರುವಾಗ, ಮೂಲೆಯ ಬೆಂಚಿನಲ್ಲಿ ಹಣೆಯೊತ್ತಿಕೊಂಡು ಮೌನವಾಗಿ ಕುಳಿತ ಮತ್ತೊಬ್ಬಳು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಆಕೆಯ ತಾಯಿ ಕಾರ್ಡನ್ನು ಬಿಡಿಸಿ ನೋಡಿ, ತೋಳಿಗೆ ಪಟ್ಟಿ ಸುತ್ತಿ, ರಕ್ತದೊತ್ತಡ 160/110ನ್ನು ಮುಟ್ಟಿರುವುದನ್ನು ಕಂಡು, “ಕಣ್ಣು ಮಂಜಾಗುತ್ತದೇನಮ್ಮ? ಮಗು ಆಡುತ್ತಿದೆಯೆ?” ಎಂದು ಕೇಳಿ, ಒಡನೆಯೇ ವೈದ್ಯರನ್ನು ಕರೆಯುವ ದಾದಿಯ ಸಮಯಪ್ರಜ್ಞೆಯಿಂದಲೇ, ಫಿಟ್ಸ್ ಬರುವ ಮುನ್ನ ಮೆಗ್ನೀಷಿಯಂ ಸಲ್ಫೇಟಿನ ಚುಚ್ಚುಮದ್ದು ಆಕೆಗೆ ದೊರೆಯುವುದು ಸಾಧ್ಯವಾಗುತ್ತದೆ.

ಆದರೆ ಬರಮಾಡಿಕೊಳ್ಳುವಾಗಿನ ಈ ಜಾಗರೂಕತೆ ಬೀಳ್ಕೊಡುವಾಗ ಸಡಿಲವಾಗುವುದು ಖೇದಕರ. ಪ್ರಸವಾನಂತರದ ಅತಿರಕ್ತಸ್ರಾವ ಬಹುತೇಕ ಮೊದಲ 24 ಗಂಟೆಗಳಲ್ಲಿಯೇ ತಲೆದೋರುವುದಾದರೂ, ಸೋಂಕು, ರಕ್ತದೊತ್ತಡದ ಏರಿಕೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಮೊದಲಾದವು ಮನೆ ಸೇರಿದ ಬಳಿಕವೂ ಕಾಣಿಸಿಕೊಳ್ಳಬಲ್ಲವು. ಅಲ್ಲಿ ತಲೆನೋವೆಂದರೆ ಥಂಡಿಯೆಂದು ಬಗೆದು ಕಿವಿಗೆ ಬಟ್ಟೆ ಕಟ್ಟುವವರಿರುವರು. ಬಾಣಂತಿಗೆ ನೀರು ಹೆಚ್ಚಾಗಬಾರದೆಂದು ಬಾಯಾರಿದರೂ ಕೊಡದವರಿರುವರು. ಅವರ ಅಕ್ಕರೆ ನಿಜವಾದುದರಿಂದಲೇ, ತಿಳಿವಳಿಕೆಯ ಮಾತು ತಾಯಿಗೆ ಹೇಗೋ ಹಾಗೆಯೇ ಅತ್ತೆಗೂ ಗಂಡನಿಗೂ ತಲುಪಬೇಕು.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧ, ಆಹಾರಗಳೊಡನೆ ಮನೆಗೆ ಮರಳುವ ವಾಹನವೂ ಉಚಿತವಾಯಿತು. ಅದಕ್ಕೆಂದೇ ನಮ್ಮ ಕರ್ನಾಟಕದಲ್ಲಿ ‘ನಗು-ಮಗು’ ವಾಹನಗಳು ಬಂದುವು. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಕಾರ್ಯಕರ್ತೆ ಭೇಟಿ ನೀಡಬೇಕೆಂಬ ಕ್ರಮವೂ ಇದೆ. ಈ ವ್ಯವಸ್ಥೆಗಳೆಲ್ಲ ಸಾರ್ಥಕವಾಗಬೇಕಾದರೆ, ಬಿಡುಗಡೆಯ ಚೀಟಿಯನ್ನು ಕೈಗಿತ್ತು ಕಳುಹಿಸುವ ಮುನ್ನ, ತಲೆಸಿಡಿತ, ಜ್ವರ, ದುರ್ವಾಸನೆಯ ಸ್ರಾವ, ಒದ್ದೆಯಾಗುತ್ತಲೇ ಇರುವ ಬಟ್ಟೆ, ಮೀನಖಂಡದ ನೋವು, ಹಾಲು ಕುಡಿಯದ ಕೂಸು ಇವುಗಳ ಅರ್ಥವನ್ನು ಆಡುಮಾತಿನಲ್ಲಿ ತಿಳಿಸಿ, “ಯಾವುದಕ್ಕೆ ತಡಮಾಡದೆ ಬರಬೇಕು, ನೀನೇ ಹೇಳಮ್ಮ” ಎಂದು ಆಕೆಯ ಬಾಯಿಂದಲೇ ಹೇಳಿಸಬೇಕು.

ಅದಕ್ಕೆ ಬಿಡುವು ಬೇಕು. ಬಿಡುವಿಗೆ ಸಾಕಷ್ಟು ದಾದಿಯರು ಬೇಕು. ಈ ಮಾತುಕತೆಯ ಹೊತ್ತನ್ನೂ ಚಿಕಿತ್ಸೆಯ ಹೊತ್ತೆಂದೇ ಎಣಿಸಿ ಸಿಬ್ಬಂದಿಯನ್ನು ನೇಮಿಸುವುದು, ಮಾತೆಯರ ಪ್ರಾಣರಕ್ಷಣೆಯನ್ನು ಧ್ಯೇಯವಾಗಿ ಸಾರುವ ಪ್ರತಿಯೊಂದು ಆಡಳಿತದ ಕರ್ತವ್ಯ.